ಜಿಲ್ಲಾಡಳಿತಗಾರ ಗಣಿತಜ್ಞ ಜೋಸೆಫ್ ಫೂರಿಯೆ: ಜೀವನ, ಸೇವೆ ಮತ್ತು ಅರ್ಜಿಯೊಡನೆ ಲಗತ್ತಿಸುವ ಚಿತ್ರಗಳ ಸಂಗತಿ

ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗಕ್ಕೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳ ಸಾರ್ವಜನಿಕರು ವಿವಿಧ ಸೇವೆಗಳಿಗಾಗಿ ಅರ್ಜಿ ಸಲ್ಲಿಸುವಾಗ ತಮ್ಮ ಭಾವಚಿತ್ರ, ಗುರುತಿನ ಚೀಟಿ, ಪಹಣಿ, ಹಳೆಯ ಕ್ರಯಪತ್ರ ಮೊದಲಾದವುಗಳ ಪ್ರತಿಗಳನ್ನು ಗಣಕಯಂತ್ರದ ಮೂಲಕ ಲಗತ್ತಿಸಬೇಕಾಗಿರುತ್ತದೆ. ಸದರಿ ಪ್ರತಿಗಳ ಗಾತ್ರವು ಇಂತಿಷ್ಟು ಕಿಲೋಬೈಟ್‌ಗಳನ್ನು ಮೀರಬಾರದೆಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಗಾತ್ರ ಇಳಿಸಿದಾಗ ಅಕ್ಷರಗಳು ಮಸುಕಾಗಿ, ಸರ್ವೆ ನಂಬರು ಓದಲು ಬಾರದೆ ಅರ್ಜಿಯು ಹಿಂದಿರುಗುವುದೂ ಉಂಟು. ಗಾತ್ರ ಇಳಿಯುವುದು ಹೇಗೆ, ಇಳಿದಾಗ ಕಳೆದುಹೋಗುವುದು ಏನು ಎಂದು ಅನೇಕ ಅರ್ಜಿದಾರರು ವಿಚಾರಿಸುತ್ತಾರೆ. ಈ ಪ್ರಶ್ನೆಯ ಮೂಲವು ಸುಮಾರು ಇನ್ನೂರು ವರ್ಷಗಳ ಹಿಂದೆ ಫ್ರಾನ್ಸ್ ದೇಶದ ಒಂದು ಜಿಲ್ಲೆಯ ಆಡಳಿತವನ್ನು ನಿರ್ವಹಿಸುತ್ತಿದ್ದ ಅಧಿಕಾರಿಯೊಬ್ಬರ ಬದುಕಿನಲ್ಲಿದೆ. ಅವರ ಹೆಸರು ಜೋಸೆಫ್ ಫೂರಿಯೆ. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಫೋರಿಯರ್ ಎಂದು ಉಚ್ಚರಿಸುವ ಹೆಸರು ಇದೇ ಆಗಿದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನ ವೃತ್ತಾಂತವನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಫೂರಿಯೆ ಅವರು 1768ನೇ ಇಸವಿ ಮಾರ್ಚ್ 21ರಂದು ಫ್ರಾನ್ಸಿನ ಓಸೇರ್ ಪಟ್ಟಣದಲ್ಲಿ ಜನಿಸಿದರು. ತಂದೆ ದರ್ಜಿ ವೃತ್ತಿಯವರು. ಹತ್ತು ವರ್ಷ ತುಂಬುವ ಹೊತ್ತಿಗೆ ತಾಯಿ ತಂದೆ ಇಬ್ಬರೂ ತೀರಿಕೊಂಡಿದ್ದರು. ಅನಾಥನಾದ ಬಾಲಕನಿಗೆ ಪಟ್ಟಣದಲ್ಲಿ ಬೆನೆಡಿಕ್ಟ್ ಪಂಥದ ಸನ್ಯಾಸಿಗಳು ನಡೆಸುತ್ತಿದ್ದ ಸೈನಿಕ ಶಾಲೆಯಲ್ಲಿ ಪ್ರವೇಶ ದೊರೆಯಿತು. ಅಲ್ಲಿಯೇ ಗಣಿತದ ರುಚಿ ಹತ್ತಿತು. ಫಿರಂಗಿ ದಳಕ್ಕೆ ಸೇರುವ ಆಸೆಯಿತ್ತಾದರೂ ಶ್ರೀಮಂತ ಕುಲದಲ್ಲಿ ಹುಟ್ಟಿದವರಿಗಷ್ಟೇ ಆ ಅವಕಾಶವಿದ್ದ ಕಾರಣ ಅದು ಕೈಗೂಡಲಿಲ್ಲ. 1787ರಲ್ಲಿ ಸನ್ಯಾಸ ಸ್ವೀಕರಿಸುವ ಉದ್ದೇಶದಿಂದ ಮಠವನ್ನು ಸೇರಿ, ದೀಕ್ಷೆ ಪಡೆಯದೆಯೇ 1789ರಲ್ಲಿ ಹೊರಬಂದು, ತಾವು ಓದಿದ ಶಾಲೆಯಲ್ಲಿಯೇ ಅಧ್ಯಾಪಕರಾದರು.

ಅದೇ ವರ್ಷ ಫ್ರೆಂಚ್ ಕ್ರಾಂತಿಯು ಆರಂಭವಾಯಿತು. ಫೂರಿಯೆ ಅವರು ಊರಿನ ಕ್ರಾಂತಿಕಾರಿ ಸಮಿತಿಯಲ್ಲಿದ್ದರು. 1794ರ ಜುಲೈ ತಿಂಗಳಿನಲ್ಲಿ ಬಂಧನಕ್ಕೊಳಗಾದರು. ಆ ದಿನಗಳಲ್ಲಿ ಬಂಧನದಿಂದ ಶಿರಚ್ಛೇದದ ಯಂತ್ರಕ್ಕೆ ಹೆಚ್ಚು ದೂರವಿರಲಿಲ್ಲ. ಅದೇ ತಿಂಗಳಿನ ಕೊನೆಯಲ್ಲಿ ರೋಬೆಸ್ಪಿಯೆರ್ ಆಳ್ವಿಕೆ ಉರುಳಿದ್ದರಿಂದ ಪ್ರಾಣ ಉಳಿಯಿತು. ಬಳಿಕ ಪ್ಯಾರಿಸ್ಸಿನಲ್ಲಿ ಹೊಸದಾಗಿ ತೆರೆದ ಅಧ್ಯಾಪಕರ ತರಬೇತಿ ಶಾಲೆಗೆ ಆಯ್ಕೆಯಾಗಿ, ಲಗ್ರಾಂಜ್, ಲಪ್ಲಾಸ್, ಮೊಂಜ್ ಎಂಬ ಮೂವರು ಮಹಾ ಗಣಿತಜ್ಞರ ಪಾಠ ಕೇಳಿದರು. ಈ ಮೂವರ ಹೆಸರು ಮುಂದೆ ಮತ್ತೊಮ್ಮೆ, ಬೇರೆ ಸಂದರ್ಭದಲ್ಲಿ, ಬರಲಿದೆ. 1797ರಲ್ಲಿ ಪಾಲಿಟೆಕ್ನಿಕ್ ಶಾಲೆಯಲ್ಲಿ ಲಗ್ರಾಂಜ್ ಅವರ ಪೀಠಕ್ಕೇ ಫೂರಿಯೆ ನೇಮಕಗೊಂಡರು.

1798ರಲ್ಲಿ ನೆಪೋಲಿಯನ್ ಈಜಿಪ್ಟಿನ ಮೇಲೆ ದಂಡೆತ್ತಿ ಹೋದಾಗ ಸೈನ್ಯದೊಡನೆ ವಿದ್ವಾಂಸರ ತಂಡವನ್ನೂ ಕರೆದೊಯ್ದರು. ಆ ತಂಡದಲ್ಲಿದ್ದ ಫೂರಿಯೆ ಅವರು ಕೈರೋ ನಗರದಲ್ಲಿ ಸ್ಥಾಪಿತವಾದ ಈಜಿಪ್ಟ್ ಸಂಸ್ಥೆಯ ಕಾರ್ಯದರ್ಶಿಯಾಗಿ ಕೆಲಸ ಮಾಡಿದರು. 1801ರಲ್ಲಿ ಸ್ವದೇಶಕ್ಕೆ ಮರಳಿ, ಮತ್ತೆ ಪಾಠ ಹೇಳಿಕೊಂಡಿರಬೇಕೆಂದು ಬಯಸಿದ್ದರು.

ಜಿಲ್ಲಾಡಳಿತದ ಸೇವೆ

ಆದರೆ 1802ರಲ್ಲಿ ನೆಪೋಲಿಯನ್ ಅವರು ಫೂರಿಯೆ ಅವರನ್ನು ಇಜೇರ್ ಪ್ರಾಂತ್ಯದ ಪ್ರಿಫೆಕ್ಟ್ ಆಗಿ ನೇಮಿಸಿದರು. ಪ್ರಿಫೆಕ್ಟ್ ಹುದ್ದೆಯು ಬಹುಮಟ್ಟಿಗೆ ನಮ್ಮ ಜಿಲ್ಲಾಧಿಕಾರಿಗಳ ಹುದ್ದೆಯನ್ನು ಹೋಲುತ್ತದೆ. ತೆರಿಗೆ, ರಸ್ತೆ, ಸೈನ್ಯಕ್ಕೆ ಭರ್ತಿ, ಶಾಲೆ, ಊರೂರುಗಳ ವ್ಯಾಜ್ಯ ಎಲ್ಲವೂ ಪ್ರಿಫೆಕ್ಟರ ಮೇಜಿನ ಮೇಲೆ ಬರುತ್ತಿದ್ದವು. ಕೇಂದ್ರ ಸ್ಥಾನವು ಆಲ್ಪ್ಸ್ ಪರ್ವತದ ಬುಡದಲ್ಲಿರುವ ಗ್ರೆನೋಬ್ಲ್ ನಗರ. ಈ ಹುದ್ದೆಯಲ್ಲಿ ಅವರು ಹದಿಮೂರು ವರ್ಷ ಇದ್ದರು.

ಅವರ ಆಡಳಿತದ ಎರಡು ಕಾರ್ಯಗಳು ಉಲ್ಲೇಖಕ್ಕೆ ಅರ್ಹವಾಗಿವೆ. ಒಂದು, ಬೂರ್ಗ್ವಾಂ ಎಂಬಲ್ಲಿನ ಜೌಗು ಪ್ರದೇಶವನ್ನು ಬಸಿದು ಒಣಗಿಸಿ ಸಾಗುವಳಿಗೆ ಯೋಗ್ಯವಾಗಿ ಮಾಡಿದ್ದು. ಮಲೇರಿಯಾ ಹಬ್ಬಿಸುತ್ತಿದ್ದ ಆ ಜೌಗಿನ ಸುತ್ತ ಮೂವತ್ತಕ್ಕೂ ಹೆಚ್ಚು ಗ್ರಾಮಗಳಿದ್ದು, ಪ್ರತಿಯೊಂದಕ್ಕೂ ಹುಲ್ಲುಗಾವಲಿನ ಹಕ್ಕು, ಮೇವಿನ ಹಕ್ಕು, ಹಳೆಯ ದಾವೆ ಇದ್ದವು. ಫೂರಿಯೆ ಅವರು ಗ್ರಾಮ ಗ್ರಾಮಗಳ ಜನರೊಡನೆ ಮಾತನಾಡಿ ಒಪ್ಪಿಸಿದರು. ಕಂದಾಯ ಇಲಾಖೆಯ ಕೆಲಸ ಬಲ್ಲವರಿಗೆ, ಇದು ಅವರ ಸಮೀಕರಣಗಳಿಗಿಂತ ಸುಲಭವಾದ ಕೆಲಸವಾಗಿತ್ತೆಂದು ತೋರಲಾರದು. ಎರಡನೆಯದು, ಗ್ರೆನೋಬ್ಲ್‌ನಿಂದ ಪರ್ವತಗಳನ್ನು ದಾಟಿ ಇಟಲಿಯ ಟ್ಯೂರಿನ್ ಕಡೆಗೆ ಹೋಗುವ ರಸ್ತೆಯ ನಿರ್ಮಾಣ. ಇದಲ್ಲದೆ ಈಜಿಪ್ಟ್ ಕುರಿತು ಸರ್ಕಾರ ಹೊರತಂದ ಬೃಹತ್ ಗ್ರಂಥಮಾಲೆಗೆ ಐತಿಹಾಸಿಕ ಮುನ್ನುಡಿಯನ್ನೂ ಬರೆದರು. ಈಜಿಪ್ಟಿನ ಚಿತ್ರಲಿಪಿಯನ್ನು ಮುಂದೆ 1822ರಲ್ಲಿ ಬಿಡಿಸಿದ ಶಾಂಪೋಲಿಯನ್ ಆಗ ಗ್ರೆನೋಬ್ಲ್‌ನಲ್ಲಿ ವಿದ್ಯಾರ್ಥಿಯಾಗಿದ್ದು, ಪ್ರಿಫೆಕ್ಟರ ಆಶ್ರಯ ಅವರಿಗೆ ದೊರೆತಿತ್ತು.

ಶಾಖದ ಅಧ್ಯಯನ

ಕಡತಗಳ ನಡುವೆ ಬಿಡುವಾದಾಗ ಫೂರಿಯೆ ಅವರು ಶಾಖವು ಘನ ಪದಾರ್ಥಗಳಲ್ಲಿ ಹೇಗೆ ಹರಡುತ್ತದೆ ಎಂಬುದನ್ನು ಅಭ್ಯಸಿಸುತ್ತಿದ್ದರು. ಲೋಹದ ಬಳೆಯೊಂದರ ಒಂದು ಭಾಗವನ್ನು ಕಾಯಿಸಿ, ಉಳಿದ ಭಾಗಗಳಲ್ಲಿ ಉಷ್ಣಮಾಪಕಗಳನ್ನಿಟ್ಟು ಅಳೆದರು. ಬಳೆಯ ಮೇಲಿನ ಉಷ್ಣತೆಯ ಏರಿಳಿತವು ಎಷ್ಟೇ ವಕ್ರವಾಗಿದ್ದರೂ ಅದನ್ನು ಸರಳವಾದ ಅನೇಕ ಅಲೆಗಳ ಮೊತ್ತವೆಂದು ಬರೆಯಬಹುದು ಎಂಬುದು ಅವರು ಕಂಡುಕೊಂಡ ಸಂಗತಿ. ಮೊದಲ ಅಲೆ ಉದ್ದನೆಯದು, ಎರಡನೆಯದು ಅದರ ಅರ್ಧ, ಮೂರನೆಯದು ಮೂರನೇ ಒಂದು ಭಾಗ, ಹೀಗೆ. ಯಾವ ಅಲೆ ಎಷ್ಟು ಪ್ರಮಾಣದಲ್ಲಿ ಸೇರಿದೆ ಎಂಬುದನ್ನು ಲೆಕ್ಕ ಹಾಕುವ ಸೂತ್ರವನ್ನೂ ಅವರು ನೀಡಿದರು.

ಇಲ್ಲಿ ನಮ್ಮ ಭಾಗದ ಒಂದೆರಡು ಉದಾಹರಣೆಗಳು ಉಪಯುಕ್ತವಾಗಬಹುದು. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಬೇಸಿಗೆಯ ಮಧ್ಯಾಹ್ನ ಹತ್ತಿದವರಿಗೆ ಬಂಡೆಯ ಮೇಲೆ ಬಿಸಿಲಿದ್ದ ಕಡೆ ಕಾವು, ಕೋಟೆ ಗೋಡೆಯ ನೆರಳಿದ್ದ ಕಡೆ ತಂಪು ಎಂಬುದು ಅಂಗಾಲಿಗೇ ತಿಳಿಯುತ್ತದೆ. ಸಂಜೆಯಾದ ಸ್ವಲ್ಪ ಹೊತ್ತಿಗೆ ಅಂಗೈಯಗಲದ ಇಂತಹ ವ್ಯತ್ಯಾಸಗಳು ಅಳಿದುಹೋಗಿರುತ್ತವೆ. ಬೆಟ್ಟದ ಒಂದು ಮಗ್ಗುಲಿಗೂ ಇನ್ನೊಂದು ಮಗ್ಗುಲಿಗೂ ಇರುವ ವ್ಯತ್ಯಾಸ ಮಾತ್ರ ಬಹಳ ಹೊತ್ತು ಉಳಿಯುತ್ತದೆ. ಸಣ್ಣ ಅಲೆ ಬೇಗ ಅಳಿಯುತ್ತದೆ, ದೊಡ್ಡ ಅಲೆ ನಿಧಾನವಾಗಿ ಅಳಿಯುತ್ತದೆ. ಅಲೆಯ ಉದ್ದ ಅರ್ಧವಾದರೆ ಅಳಿಯುವ ವೇಗ ನಾಲ್ಕು ಪಟ್ಟಾಗುತ್ತದೆ. ಹಿಂದಿನವರು ರಾಗಿಯನ್ನು ಹಗೇವಿನಲ್ಲಿ ತುಂಬಿಡುತ್ತಿದ್ದುದರ ಹಿಂದೆಯೂ ಇದೇ ನಿಯಮದ ಆಸರೆಯಿದೆ. ಹಗಲು ರಾತ್ರಿಯ ಉಷ್ಣತೆಯ ಏರಿಳಿತವು ಮಣ್ಣಿನಲ್ಲಿ ಒಂದು ಮೀಟರ್ ಆಳದೊಳಗೆ ಬಹುಮಟ್ಟಿಗೆ ಇಲ್ಲವಾಗುತ್ತದೆ. ವರ್ಷದ ಏರಿಳಿತವಾದರೋ ಹತ್ತು ಮೀಟರ್ ಆಸುಪಾಸಿನವರೆಗೆ ಇಳಿಯುತ್ತದೆ. ಭೂಮಿಯ ಒಳಗಿನ ಉಷ್ಣತೆಯ ಈ ಲೆಕ್ಕವನ್ನೂ ಫೂರಿಯೆ ಅವರೇ ಮಾಡಿದರು.

ಒಂದು ವಿಷಯವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕೆಂದು ಕೋರಲಾಗಿದೆ. ಕಾಲ ಕಳೆದಂತೆ ಶಾಖವು ಸೂಕ್ಷ್ಮ ವ್ಯತ್ಯಾಸಗಳನ್ನು ಅಳಿಸಿ ಸ್ಥೂಲ ರೂಪವನ್ನು ಉಳಿಸುತ್ತದೆ. ಚಿತ್ರದ ಗಾತ್ರ ಇಳಿಸುವ ಗಣಕವು ಇದೇ ಕೆಲಸವನ್ನು ಉದ್ದೇಶಪೂರ್ವಕವಾಗಿ, ಒಂದು ಕ್ಷಣದಲ್ಲಿ ಮಾಡುತ್ತದೆ.

ಹದಿನೈದು ವರ್ಷ ಬಾಕಿ ಉಳಿದ ಪ್ರಬಂಧ

1807ರ ಡಿಸೆಂಬರ್ 21ರಂದು ಫೂರಿಯೆ ಅವರ ಪ್ರಬಂಧವನ್ನು ಪ್ಯಾರಿಸ್ಸಿನ ವಿದ್ವತ್ ಸಂಸ್ಥೆಗೆ ಸಲ್ಲಿಸಲಾಯಿತು. ಪರಿಶೀಲನೆಗಾಗಿ ಲಗ್ರಾಂಜ್, ಲಪ್ಲಾಸ್, ಮೊಂಜ್ ಮತ್ತು ಲಕ್ರುವಾ ಅವರನ್ನೊಳಗೊಂಡ ಸಮಿತಿಯನ್ನು ರಚಿಸಲಾಯಿತು. ಮೊದಲ ಮೂವರೂ ಅವರ ಗುರುಗಳೇ. ಲಗ್ರಾಂಜ್ ಅವರು ಒಪ್ಪಲಿಲ್ಲ. ಇದ್ದಕ್ಕಿದ್ದಂತೆ ಮೇಲೇರುವ ಅಥವಾ ಮುರಿದು ನಿಲ್ಲುವ ರೇಖೆಯನ್ನು ನಯವಾಗಿ ತೂಗಾಡುವ ಅಲೆಗಳ ಮೊತ್ತವೆಂದು ಹೇಳುವುದು ಅವರಿಗೆ ಅಸಂಬದ್ಧವಾಗಿ ಕಂಡಿತು. ಪ್ರಬಂಧವು ಅಚ್ಚಾಗಲಿಲ್ಲ. ತಿರಸ್ಕೃತವಾಯಿತೆಂಬ ಸ್ಪಷ್ಟ ಹಿಂಬರಹವೂ ಬರಲಿಲ್ಲ, ಸುಮ್ಮನೆ ಉಳಿಯಿತು.

ಬಳಿಕ ಸಂಸ್ಥೆಯು ಶಾಖದ ಹರಿವನ್ನೇ ವಿಷಯವನ್ನಾಗಿ ಇಟ್ಟು ಬಹುಮಾನ ಸ್ಪರ್ಧೆಯನ್ನು ಏರ್ಪಡಿಸಿತು. ಫೂರಿಯೆ ಅವರು 1811ರಲ್ಲಿ ತಮ್ಮ ಬರಹವನ್ನು ವಿಸ್ತರಿಸಿ ಸಲ್ಲಿಸಿದರು, ಬಹುಮಾನವೂ ಬಂದಿತು. ಆದರೆ ತೀರ್ಪುಗಾರರು ವಿವೇಚನೆಯ ಬಿಗಿ ಸಾಲದೆಂದು ಷರಾ ಬರೆದರು, ಈ ಬಾರಿಯೂ ಮುದ್ರಣವಾಗಲಿಲ್ಲ. ನ್ಯಾಯವಾಗಿ ಹೇಳುವುದಾದರೆ ಆಕ್ಷೇಪಣೆಯು ಪೂರ್ತಿ ನಿರಾಧಾರವಾಗಿರಲಿಲ್ಲ. ಎಂತಹ ರೇಖೆಗಳಿಗೆ ಈ ಮಾತು ಸಲ್ಲುತ್ತದೆ ಎಂಬುದರ ಬಿಗಿಯಾದ ರುಜುವಾತನ್ನು ಜರ್ಮನಿಯ ಡಿರಿಕ್ಲೆ ಅವರು 1829ರಲ್ಲಿ ಕೊಡುವವರೆಗೆ ಅದು ಇರಲಿಲ್ಲ. ಆದರೆ ಆಕ್ಷೇಪಣೆ ಇದ್ದರೆ ಅದನ್ನು ದಾಖಲಿಸಿ ಪ್ರಕಟಿಸಬಹುದಾಗಿತ್ತು. ಗುರುಗಳ ಅನುಮಾನ ಸರಿಯಾಗಿದ್ದಾಗಲೂ ಶಿಷ್ಯನ ಫಲಿತಾಂಶ ನಿಜವಾಗಿತ್ತು.

ಅಷ್ಟರಲ್ಲಿ 1815 ಬಂದಿತು. ಎಲ್ಬಾ ದ್ವೀಪದಿಂದ ತಪ್ಪಿಸಿಕೊಂಡ ನೆಪೋಲಿಯನ್ ಮಾರ್ಚ್ ತಿಂಗಳಿನಲ್ಲಿ ಗ್ರೆನೋಬ್ಲ್ ಪ್ರವೇಶಿಸಿದಾಗ, ದೊರೆಯ ಸರ್ಕಾರಕ್ಕೆ ನಿಷ್ಠೆ ತೋರಿದ್ದ ಪ್ರಿಫೆಕ್ಟರು ನಗರವನ್ನು ಬಿಟ್ಟು ಹೊರಟಿದ್ದರು. ನೆಪೋಲಿಯನ್ ಮೊದಲು ಸಿಟ್ಟಾಗಿ, ನಂತರ ಸಮಾಧಾನಗೊಂಡು ಅವರನ್ನು ಲಿಯಾಂ ನಗರವಿರುವ ರೋನ್ ಪ್ರಾಂತ್ಯಕ್ಕೆ ವರ್ಗಾಯಿಸಿದರು. ಫೂರಿಯೆ ಅವರು ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಮಂಜೂರಾದ ವಿಶ್ರಾಂತಿ ವೇತನವು ಪಾವತಿಯಾಗುವ ಮೊದಲೇ ವಾಟರ್ಲೂ ಯುದ್ಧದಲ್ಲಿ ಮಂಜೂರು ಮಾಡಿದವರೇ ಸೋತುಹೋದರು. ನಲವತ್ತೇಳನೆಯ ವಯಸ್ಸಿನಲ್ಲಿ ಹುದ್ದೆಯೂ ಇಲ್ಲದೆ, ವೇತನವೂ ಇಲ್ಲದೆ, ಪ್ರಬಂಧವೂ ಅಚ್ಚಾಗದೆ ಅವರು ಪ್ಯಾರಿಸ್ಸಿಗೆ ಬಂದರು. ಅಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬರು ಸೇನ್ ಪ್ರಾಂತ್ಯದ ಪ್ರಿಫೆಕ್ಟರಾಗಿದ್ದು, ಅಂಕಿಅಂಶ ಕಚೇರಿಯ ಮೇಲ್ವಿಚಾರಣೆಯನ್ನು ವಹಿಸಿಕೊಟ್ಟರು. 1816ರಲ್ಲಿ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರೂ ದೊರೆ ಹದಿನೆಂಟನೇ ಲೂಯಿ ಅನುಮೋದನೆ ಕೊಡಲಿಲ್ಲ. 1817ರಲ್ಲಿ ಪುನಃ ಆಯ್ಕೆಯಾದಾಗ ಅನುಮೋದನೆ ದೊರೆಯಿತು.

1822ರಲ್ಲಿ ಶಾಖದ ವಿಶ್ಲೇಷಣಾತ್ಮಕ ಸಿದ್ಧಾಂತ ಎಂಬ ಅವರ ಮಹಾಗ್ರಂಥ ಪ್ರಕಟವಾಯಿತು. ಮೊದಲ ಪ್ರಬಂಧ ಸಲ್ಲಿಸಿ ಹದಿನೈದು ವರ್ಷಗಳಾಗಿದ್ದವು. ಅದೇ ವರ್ಷ ಅಕಾಡೆಮಿಯ ಕಾಯಂ ಕಾರ್ಯದರ್ಶಿಯಾದ ಅವರು, ಕಾರ್ಯದರ್ಶಿಯ ಅಧಿಕಾರದಿಂದ ಮಾಡಿಸಿದ ಕೆಲಸಗಳಲ್ಲಿ ಒಂದು ಕುತೂಹಲಕರವಾಗಿದೆ: 1811ರ ಬಹುಮಾನಿತ ಬರಹವನ್ನು ಒಂದಕ್ಷರವನ್ನೂ ತಿದ್ದದೆ ಅಕಾಡೆಮಿಯ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು.

ಈಜಿಪ್ಟಿನಿಂದ ಬಂದ ಮೇಲೆ ಅವರಿಗೆ ಚಳಿ ತಡೆಯುತ್ತಿರಲಿಲ್ಲ. ಕೋಣೆಯನ್ನು ಅತಿಯಾಗಿ ಬೆಚ್ಚಗಿಟ್ಟುಕೊಂಡು, ಬೇಸಿಗೆಯಲ್ಲಿಯೂ ದಪ್ಪ ಉಡುಪು ಧರಿಸುತ್ತಿದ್ದರೆಂದು ಸಮಕಾಲೀನರು ಹೇಳಿದ್ದಾರೆ. 1830ರ ಮೇ ತಿಂಗಳ ಆರಂಭದಲ್ಲಿ ಮೆಟ್ಟಿಲಿನಿಂದ ಜಾರಿ ಬಿದ್ದ ಅವರು ಮೇ 16ರಂದು ನಿಧನರಾದರು. ಅವರ ಸಮಾಧಿಯು ಪ್ಯಾರಿಸ್ಸಿನ ಪೇರ್ ಲಾಶೇಜ್ ಸ್ಮಶಾನದಲ್ಲಿದೆ. ಐಫೆಲ್ ಗೋಪುರದ ಮೇಲೆ ಕೆತ್ತಲಾಗಿರುವ 72 ಹೆಸರುಗಳಲ್ಲಿ ಅವರದೂ ಒಂದು.

ಬೆಂಗಳೂರಿನ ನಂಟು

ಫೂರಿಯೆ ಅವರ ಅಲೆಗಳು ಭಾವಚಿತ್ರದವರೆಗೆ ಬಂದ ದಾರಿಯಲ್ಲಿ ಕರ್ನಾಟಕದವರೊಬ್ಬರು ಇದ್ದಾರೆ. ಬೆಂಗಳೂರಿನಲ್ಲಿ 1940ರಲ್ಲಿ ಜನಿಸಿ, ಈಗ ಯುವಿಸಿಇ ಎಂದು ಪ್ರಸಿದ್ಧವಾಗಿರುವ ಇಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಪಡೆದು ಅಮೆರಿಕಕ್ಕೆ ತೆರಳಿದ ನಾಸಿರ್ ಅಹಮದ್ ಅವರು, ಕಾನ್ಸಾಸ್ ರಾಜ್ಯ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದಾಗ, ಕೊಸೈನ್ ಅಲೆಗಳನ್ನು ಮಾತ್ರ ಬಳಸಿ ಚಿತ್ರವನ್ನು ಬಿಡಿಸುವ ವಿಧಾನವನ್ನು ಆಲೋಚಿಸಿದರು. 1972ರಲ್ಲಿ ಸಂಶೋಧನಾ ಅನುದಾನಕ್ಕಾಗಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಅವರು ಸಲ್ಲಿಸಿದ ಅರ್ಜಿಯು, ವಿಚಾರವು ತೀರಾ ಸರಳವೆಂಬ ಅಭಿಪ್ರಾಯದ ಮೇಲೆ ಮಂಜೂರಾಗಲಿಲ್ಲ. ಅನುದಾನವಿಲ್ಲದೆಯೇ ಕೆಲಸ ಮುಂದುವರಿಸಿ, ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಹಾಗೂ ಕೆ. ಆರ್. ರಾವ್ ಅವರೊಡನೆ 1974ರ ಜನವರಿಯಲ್ಲಿ ಪ್ರಬಂಧವನ್ನು ಪ್ರಕಟಿಸಿದರು. 1992ರಲ್ಲಿ ಅಂಗೀಕೃತವಾದ ಜೆಪೆಗ್ ಎಂಬ ಚಿತ್ರ ವಿಧಾನವು ಇದರ ಮೇಲೆಯೇ ನಿಂತಿದೆ. ಲಗ್ರಾಂಜ್ ಅವರಿಗೆ ಅಸಂಬದ್ಧವೆನಿಸಿದ್ದು ಇಲ್ಲಿ ಅತಿ ಸರಳವೆನಿಸಿತು.

ವಿಧಾನದ ವಿವರ ಹೀಗಿದೆ. ಎ4 ಅಳತೆಯ ಒಂದು ಹಾಳೆಯನ್ನು ಅಂಗುಲಕ್ಕೆ 300 ಚುಕ್ಕೆಗಳಂತೆ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆಗಳಾಗುತ್ತವೆ. ಬಣ್ಣದ ಪ್ರತಿಗೆ ಚುಕ್ಕೆಯೊಂದಕ್ಕೆ ಮೂರು ಬೈಟ್‌ನಂತೆ 26 ಮೆಗಾಬೈಟ್ ಬೇಕು. ಜೆಪೆಗ್ ವಿಧಾನವು ಚಿತ್ರವನ್ನು ಎಂಟು ಚುಕ್ಕೆ ಅಗಲ, ಎಂಟು ಚುಕ್ಕೆ ಎತ್ತರದ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನು 64 ಅಲೆಗಳ ಮೊತ್ತವಾಗಿ ಬರೆದು, ಕಣ್ಣಿಗೆ ಹೆಚ್ಚು ತಿಳಿಯದ ಸಣ್ಣ ಅಲೆಗಳನ್ನು ಕೈಬಿಡುತ್ತದೆ. ಮುಖದ ಭಾವಚಿತ್ರಕ್ಕೆ ಇದು ಬಹಳ ಚೆನ್ನಾಗಿ ಒಗ್ಗುತ್ತದೆ. ಅತಿಯಾಗಿ ಕುಗ್ಗಿಸಿದರೆ ಚೌಕಗಳ ಅಂಚುಗಳು ಎದ್ದು ಕಾಣುತ್ತವೆ, ಅಕ್ಷರಗಳ ಸುತ್ತ ಕೊಳೆಯಂತಹ ಮಬ್ಬು ಬರುತ್ತದೆ.

ಕಿರುಅಲೆ ಮತ್ತು ದಿಕ್ಕು

ಫೂರಿಯೆ ಅವರ ಅಲೆಗೆ ಒಂದು ಮಿತಿಯಿದೆ. ಯಾವ ಉದ್ದದ ಅಲೆ ಎಷ್ಟಿದೆ ಎಂದು ಅದು ಹೇಳುತ್ತದೆಯೇ ಹೊರತು ಎಲ್ಲಿದೆ ಎಂದು ಹೇಳುವುದಿಲ್ಲ, ಏಕೆಂದರೆ ಅಲೆಯು ತನಗೆ ಕೊಟ್ಟ ಜಾಗದ ಉದ್ದಕ್ಕೂ ಹರಡಿರುತ್ತದೆ. ಹಂಗೇರಿಯ ಆಲ್ಫ್ರೆಡ್ ಹಾರ್ ಅವರು 1909ರಲ್ಲಿ ಒಂದೆಡೆ ಆರಂಭವಾಗಿ ಅಲ್ಲಿಯೇ ಮುಗಿಯುವ ಪುಟ್ಟ ಅಲೆಗಳನ್ನು ರಚಿಸಿದರು. ಇಂತಹವುಗಳಿಗೆ ಈಗ ಕಿರುಅಲೆ ಅಥವಾ ವೇವ್‌ಲೆಟ್ ಎಂದು ಹೆಸರು. ಬೆಲ್ಜಿಯಂ ಮೂಲದ ಇನ್‌ಗ್ರಿಡ್ ಡೋಬೆಷಿ ಅವರು 1988ರಲ್ಲಿ, ಫ್ರಾನ್ಸಿನ ಸ್ಟೆಫಾನ್ ಮಲ್ಲಾ ಅವರು 1989ರಲ್ಲಿ ಇದನ್ನು ಗಣಕಗಳಿಗೆ ಅನುಕೂಲವಾಗುವಂತೆ ಬೆಳೆಸಿದರು.

ಲೆಕ್ಕಪತ್ರ ಬಲ್ಲವರಿಗೆ ಹಾರ್ ಅವರ ವಿಧಾನವು ಪರಿಚಿತವೆನಿಸೀತು. 40, 42, 60, 62 ಎಂಬ ನಾಲ್ಕು ಅಂಕಿಗಳಿವೆ ಎನ್ನೋಣ. ಮೊದಲ ಜೋಡಿಯ ಸರಾಸರಿ 41, ಸರಾಸರಿಯಿಂದ ಅಂತರ 1. ಎರಡನೆಯ ಜೋಡಿಯ ಸರಾಸರಿ 61, ಅಂತರ 1. ಈ ಎರಡು ಸರಾಸರಿಗಳ ಸರಾಸರಿ 51, ಅಂತರ 10. ಆದ್ದರಿಂದ 51, 10, 1, 1 ಎಂದು ಬರೆದಿಟ್ಟರೆ ಮೂಲದ ನಾಲ್ಕನ್ನೂ ಮರಳಿ ಪಡೆಯಬಹುದು. ಕೊನೆಯ ಎರಡನ್ನು ಬಿಟ್ಟರೆ 41, 41, 61, 61 ಬರುತ್ತದೆ. ಜಾಗ ಅರ್ಧ ಉಳಿಯಿತು, ದೊಡ್ಡ ಜಿಗಿತವು ಎಲ್ಲಿದೆ ಎಂಬುದು ಕೆಡಲಿಲ್ಲ. 1993ರಲ್ಲಿ ಅಮೆರಿಕದ ಎಫ್‌ಬಿಐ ಸಂಸ್ಥೆಯು ಬೆರಳಚ್ಚುಗಳನ್ನು ಸಂಗ್ರಹಿಸಿಡಲು ಕಿರುಅಲೆ ವಿಧಾನವನ್ನು ಅಂಗೀಕರಿಸಿತು, ಏಕೆಂದರೆ ಚೌಕದ ಅಂಚುಗಳು ಬೆರಳಿನ ಗೆರೆಗಳನ್ನು ಕೆಡಿಸುತ್ತಿದ್ದವು. ಜೆಪೆಗ್ 2000 ಎಂಬ ವಿಧಾನವೂ ಕಿರುಅಲೆಯದೇ ಆಗಿದೆ. ನಮ್ಮ ಆಧಾರ್ ಪತ್ರದ ಸುರಕ್ಷಿತ ಕ್ಯೂಆರ್ ಸಂಕೇತದೊಳಗೆ ಅಡಗಿರುವ ಪುಟ್ಟ ಭಾವಚಿತ್ರವು ಇದೇ ವಿಧಾನದ್ದು. ಒಬ್ಬ ವ್ಯಕ್ತಿಯ ಮುಖವು ಅಂಗೈಯಗಲಕ್ಕೂ ಕಡಿಮೆ ಜಾಗದ ಚುಕ್ಕೆಗಳಲ್ಲಿ ಹಿಡಿಯುವುದು ಈ ಸಂಕೋಚನದಿಂದ.

ಆದರೆ ಸಾಮಾನ್ಯ ಕಿರುಅಲೆಗೂ ಒಂದು ಕೊರತೆಯಿದೆ. ಅದು ಚಿತ್ರವನ್ನು ಮೊದಲು ಅಡ್ಡ ಸಾಲುಗಳಲ್ಲಿ, ಬಳಿಕ ಉದ್ದ ಸಾಲುಗಳಲ್ಲಿ ಓದುತ್ತದೆ. ಕಟ್ಟಡದ ಗೋಡೆ, ನಮೂನೆಯ ಚೌಕಟ್ಟು ಮೊದಲಾದ ನೇರ ಗೆರೆಗಳು ಇದಕ್ಕೆ ಸುಲಭ. ಮಧುಗಿರಿ ಬೆಟ್ಟದ ಇಳಿಜಾರು ಆಕಾಶಕ್ಕೆ ತಾಗುವ ಓರೆ ಗೆರೆ ಮಾತ್ರ ಪ್ರತಿ ಸಾಲಿನಲ್ಲಿಯೂ ಹೊಸ ಜಿಗಿತವಾಗಿ ಕಾಣಿಸಿ, ಮೆಟ್ಟಿಲು ಮೆಟ್ಟಿಲಾಗಿ ಅನೇಕ ಅಂಕಿಗಳನ್ನು ಬೇಡುತ್ತದೆ. ಅಂಕಿಗಳನ್ನು ಉಳಿಸಿದರೆ ಗಾತ್ರ ಇಳಿಯದು, ಬಿಟ್ಟರೆ ಗೆರೆ ಮಸುಕಾಗುವುದು. ಇದಕ್ಕೆ ಪರಿಹಾರವೇ ದಿಕ್ಕಿನ ಕಿರುಅಲೆ. ಚಿತ್ರದ ಪ್ರತಿ ಭಾಗದಲ್ಲಿ ಗೆರೆ ಯಾವ ಕಡೆಗೆ ಓಡುತ್ತಿದೆ ಎಂದು ಮೊದಲು ನೋಡಿ, ಆ ದಿಕ್ಕಿನಲ್ಲಿಯೇ ಸರಾಸರಿ ಮತ್ತು ಅಂತರಗಳನ್ನು ತೆಗೆಯುವುದು. ಗೆರೆಯ ಜೊತೆಯಲ್ಲಿ ನಡೆದರೆ ಬೆಟ್ಟದ ಚುಕ್ಕೆಯ ಪಕ್ಕ ಬೆಟ್ಟದ ಚುಕ್ಕೆಯೇ ಸಿಗುವುದರಿಂದ ಅಂತರಗಳು ಸೊನ್ನೆಗೆ ಸಮೀಪವಿರುತ್ತವೆ. ಕ್ಯಾಂಡೆಸ್ ಮತ್ತು ಡೊನೊಹೊ ಅವರ ಕರ್ವ್‌ಲೆಟ್ 1999ರಲ್ಲಿ, ಮಿನ್ಹ್ ಡೊ ಮತ್ತು ವೆಟ್ಟರ್ಲಿ ಅವರ ಕಾಂಟೂರ್‌ಲೆಟ್ ನಂತರದ ವರ್ಷಗಳಲ್ಲಿ ಬಂದವು. ಚಿತ್ರ ಸಂಕೋಚನಕ್ಕೆಂದೇ ದಿಕ್ಕಿಗೆ ಹೊಂದಿಕೊಳ್ಳುವ ಕಿರುಅಲೆಯನ್ನು ಚಾಂಗ್ ಮತ್ತು ಗಿರೋಡ್ ಅವರು 2007ರಲ್ಲಿ ವಿವರಿಸಿದರು.

ಇದಕ್ಕೆ ಖರ್ಚೂ ಇದೆ. ಪ್ರತಿ ಭಾಗಕ್ಕೂ ದಿಕ್ಕು ಯಾವುದೆಂದು ಪ್ರತ್ಯೇಕವಾಗಿ ಬರೆದಿಡಬೇಕು, ಲೆಕ್ಕವೂ ಹೆಚ್ಚು. ಹೀಗಾಗಿ ದಿಕ್ಕಿನ ಕಿರುಅಲೆಯು ಬಹುಮಟ್ಟಿಗೆ ಸಂಶೋಧನೆಯ ಮಟ್ಟದಲ್ಲಿಯೇ ಉಳಿಯಿತು. ದಿಕ್ಕಿನ ವಿಚಾರವು ಮಾತ್ರ ಬೇರೊಂದು ದಾರಿಯಲ್ಲಿ ಜನರ ಕೈ ಸೇರಿದೆ. ಕೆಲವು ಮೊಬೈಲ್ ಫೋನ್‌ಗಳು ಉಳಿಸುವ ಎಚ್‌ಇಐಸಿ ಎಂಬ ಕಡತದಲ್ಲಿ, ಪ್ರತಿ ಚೌಕವನ್ನು ಪಕ್ಕದ ಚುಕ್ಕೆಗಳಿಂದ ಊಹಿಸಲು 33 ದಿಕ್ಕುಗಳ ಅವಕಾಶವಿದೆ. ಊಹೆ ತಪ್ಪಿದಷ್ಟನ್ನು ಮತ್ತೆ ಕೊಸೈನ್ ಮಾದರಿಯ ಅಲೆಗಳಲ್ಲಿಯೇ ಬರೆಯಲಾಗುತ್ತದೆ.

ನಮ್ಮ ಭಾಗದ ದಾಖಲೆಗಳಿಗೆ ದಿಕ್ಕಿನ ಸಂಗತಿಯು ಬಹಳ ಮುಖ್ಯವಾದುದು. ಕನ್ನಡ ಅಕ್ಷರಗಳಲ್ಲಿ ನೇರ ಗೆರೆಗಳು ಅಪರೂಪ, ಎಲ್ಲವೂ ಬಾಗುಗಳು. ಒತ್ತಕ್ಷರ, ಅರ್ಕಾವತ್ತು ಮತ್ತು ದೀರ್ಘದ ಚಿಹ್ನೆಗಳು ಅಕ್ಷರಕ್ಕಿಂತ ಸಣ್ಣವಾಗಿದ್ದು, ಸಂಕೋಚನದಲ್ಲಿ ಮೊದಲು ಅಳಿಯುವುದು ಅವೇ. ಕನ್ನಡದ ೬ ಮತ್ತು ೯ರ ನಡುವಿನ ವ್ಯತ್ಯಾಸವು ಬಾಲದ ತಿರುವಿನಲ್ಲಿದೆ. ಹಳೆಯ ಕೈಬರಹದ ಪಹಣಿಯಲ್ಲಿ, ಮಾಸಿದ ಶಾಯಿಯಲ್ಲಿ, ಆ ತಿರುವು ಎರಡು ಮೂರು ಚುಕ್ಕೆಗಳಷ್ಟೇ ಇರಬಹುದು. ಪಾವಗಡ ತಾಲ್ಲೂಕಿನ ತಿರುಮಣಿ ಸುತ್ತಲಿನ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರಕ್ಕಾಗಿ ರೈತರಿಂದ ಸುಮಾರು 13,000 ಎಕರೆ ಜಮೀನನ್ನು ಗುತ್ತಿಗೆಗೆ ಪಡೆಯಲಾಗಿದೆ. ಇಂತಹ ಗುತ್ತಿಗೆಯ ಹಣವು ಯಾರ ಖಾತೆಗೆ ಹೋಗಬೇಕೆಂಬುದು ಪಹಣಿಯ ಹೆಸರು ಮತ್ತು ಸರ್ವೆ ನಂಬರನ್ನು ಅವಲಂಬಿಸಿದೆ. ರಾಜ್ಯದ ತಾಲ್ಲೂಕು ಕಚೇರಿಗಳ ಅಭಿಲೇಖಾಲಯಗಳಲ್ಲಿರುವ ಹಳೆಯ ಭೂದಾಖಲೆಗಳನ್ನು ಭೂ ಸುರಕ್ಷಾ ಯೋಜನೆಯಡಿ ಸ್ಕ್ಯಾನ್ ಮಾಡುವ ಕಾರ್ಯವು 2024ರಲ್ಲಿ ಆರಂಭವಾಗಿದ್ದು, ಯಾವ ಅಲೆಯನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬ ಪ್ರಶ್ನೆ ಅಲ್ಲಿಯೂ ಇದೆ.

ಮಸುಕಾದುದು ಮಸುಕೆಂದು ತಿಳಿಯುತ್ತದೆ, ಮೂಲವನ್ನು ಕೇಳಬಹುದು. ಅದಕ್ಕಿಂತ ಅಪಾಯಕರವಾದುದು ಸ್ಪಷ್ಟವಾಗಿ ಕಾಣುವ ತಪ್ಪು. 2013ರಲ್ಲಿ ಜರ್ಮನಿಯ ಗಣಕ ವಿಜ್ಞಾನಿಯೊಬ್ಬರು ಕಟ್ಟಡದ ನಕ್ಷೆಯೊಂದನ್ನು ಸ್ಕ್ಯಾನ್ ಮಾಡಿದಾಗ, 21.11 ಮತ್ತು 17.42 ಚದರ ಮೀಟರ್ ಎಂದಿದ್ದ ಕೋಣೆಗಳ ವಿಸ್ತೀರ್ಣಗಳು ಪಕ್ಕದ ಕೋಣೆಯದಾದ 14.13 ಎಂದೇ ಅಚ್ಚುಕಟ್ಟಾಗಿ ಬಂದವು. ಅಲ್ಲಿ ಬಳಸಿದ್ದು ಅಲೆಗಳ ವಿಧಾನವಲ್ಲ. ಒಂದೇ ರೀತಿ ಕಾಣುವ ಗುರುತುಗಳನ್ನು ಒಮ್ಮೆ ಮಾತ್ರ ಉಳಿಸಿ ಎಲ್ಲೆಡೆ ಅದನ್ನೇ ಅಂಟಿಸುವ ವಿಧಾನ. ಅಲೆಗಳ ವಿಧಾನವು ಅಂಕಿಯನ್ನು ಮಬ್ಬಾಗಿಸೀತು, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ತಂದಿಡುವುದಿಲ್ಲ. ಈ ದೃಷ್ಟಿಯಿಂದ ಫೂರಿಯೆ ಅವರ ದಾರಿಯು ಹೆಚ್ಚು ಪ್ರಾಮಾಣಿಕವಾದುದೆಂದು ಹೇಳಬಹುದು.

ಅರ್ಜಿದಾರರ ಗಮನಕ್ಕೆ

ಮೇಲ್ಕಂಡ ಸಂಗತಿಗಳಿಂದ ಕೆಲವು ಉಪಯುಕ್ತ ವಿಷಯಗಳು ತಿಳಿದುಬರುತ್ತವೆ. ದಾಖಲೆಯನ್ನು ಸ್ಕ್ಯಾನ್ ಮಾಡುವಾಗ ಹಾಳೆಯನ್ನು ಓರೆಯಾಗಿ ಇಡದೆ ನೇರವಾಗಿ ಇಡುವುದು ಒಳ್ಳೆಯದು. ಓರೆಯಾದ ಚೌಕಟ್ಟಿನ ಗೆರೆಗಳೇ ಹೆಚ್ಚಿನ ಜಾಗವನ್ನು ತಿಂದು, ನಿಗದಿತ ಗಾತ್ರಕ್ಕೆ ಇಳಿಸುವಾಗ ಅಕ್ಷರಗಳ ಪಾಲು ಕಡಿಮೆಯಾಗುತ್ತದೆ. ಬಣ್ಣದ ಅಗತ್ಯವಿಲ್ಲದ ಪತ್ರಗಳನ್ನು ಕಪ್ಪುಬಿಳುಪು ಛಾಯೆಯಲ್ಲಿ ತೆಗೆದರೆ ಮೂಲದ ಭಾರವೇ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಸುತ್ತಲಿನ ಮೇಜು, ನೆಲಹಾಸು ಮೊದಲಾದವುಗಳನ್ನು ಕತ್ತರಿಸಿ ತೆಗೆಯುವುದು. ಒಮ್ಮೆ ಕುಗ್ಗಿಸಿದ ಪ್ರತಿಯನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳುಹಿಸಿ, ಅಲ್ಲಿಂದ ಇಳಿಸಿಕೊಂಡು, ಮತ್ತೊಮ್ಮೆ ಕುಗ್ಗಿಸಿದರೆ ಪ್ರತಿ ಬಾರಿಯೂ ಸಣ್ಣ ಅಲೆಗಳು ಕಳೆದುಹೋಗುತ್ತವೆ. ಕಳೆದುದನ್ನು ಯಾವ ಕೇಂದ್ರದವರೂ ಮರಳಿ ತರಲಾರರು. ಎಚ್‌ಇಐಸಿ ಕಡತವನ್ನು ಕೆಲವು ಜಾಲತಾಣಗಳು ಸ್ವೀಕರಿಸದ ಕಾರಣ ಫೋನಿನ ವ್ಯವಸ್ಥೆಯಲ್ಲಿ ಜೆಪೆಗ್ ಎಂದು ಬದಲಿಸಿಕೊಂಡು ಚಿತ್ರ ತೆಗೆಯಬಹುದು. ಲಗತ್ತಿಸುವ ಮುನ್ನ ತಮ್ಮ ಪ್ರತಿಯನ್ನು ತೆರೆದು, ಹೆಸರಿನ ಒತ್ತಕ್ಷರಗಳು ಮತ್ತು ಸರ್ವೆ ನಂಬರಿನ ಅಂಕಿಗಳು ಓದಲು ಬರುತ್ತಿವೆಯೇ ಎಂದು ತಾವೇ ನೋಡಿಕೊಳ್ಳುವುದು. ಪರಿಶೀಲನೆಗೆ ಕರೆದಾಗ ಮೂಲ ದಾಖಲೆಯನ್ನು ಜೊತೆಯಲ್ಲಿ ತರುವುದು.